ಎದ್ದು ಹೋಗದವಳು

"ನಾಯಕರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟ ತಕ್ಷಣ ಎಲ್ರೂ ಏಳ್ಬೇಕು," ಎಂದ ಸಚೇತಕ. "ಒರೆಸೋಕೆ ತೆಗೆದ್ರೆ ಅಲ್ಲ, ಗೊತ್ತಾಯ್ತಾ? ಮೇಜಿನ ಮೇಲೆ ಇಟ್ರೆ. ಹೋದ ಸಲ ಒರೆಸೋಕೆ ಅಂತ ತೆಗೆದಾಗ್ಲೇ ಅರ್ಧ ಜನ ಎದ್ದು ಹೋಗ್ಬಿಟ್ರಿ. ಪಾಪ, ನಾಯಕರು ಬಾಯಿ ಬಿಟ್ಕೊಂಡು ಕೂತಿದ್ರು."

ವಿರೋಧ ಪಕ್ಷದ ಕೊಠಡಿಯಲ್ಲಿ ನಗು ಎದ್ದಿತು. ನಾಯಕರೂ ನಕ್ಕರು, ನಗಬೇಕಾದ ಕಡೆ ನಗುವುದನ್ನು ಕಲಿಯದೆ ಯಾರೂ ನಾಯಕರಾಗುವುದಿಲ್ಲ. ಉದ್ದನೆಯ ಮೇಜಿನ ಮೇಲೆ ಆರಿದ ಚಹಾದ ಲೋಟಗಳು, ಮಡಿಕೆ ಬಿಚ್ಚಿದ ಪತ್ರಿಕೆಗಳು, ಯಾರೋ ಮುರಿದು ಅರ್ಧಕ್ಕೇ ಬಿಟ್ಟ ಬಿಸ್ಕತ್ತು. ಪಕ್ಷದ ಶಾಸಕರನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುವುದು, ಕೂರಿಸುವುದು, ಕೈ ಎತ್ತಿಸುವುದು ಸಚೇತಕನ ಕೆಲಸ. ಕುರಿ ಕಾಯುವವನಿಗೆ ಕೋಲಾದರೂ ಇರುತ್ತದೆ, ನನಗೆ ಅದೂ ಇಲ್ಲ ಎಂದು ಅವನು ಆಗಾಗ ಗೊಣಗುತ್ತಿದ್ದ.

"ಯಾವಾಗ ಏಳೋದು?" ಎಂದು ಬಾಗಿಲ ಬಳಿಯಿಂದ ಕಂಡಕ್ಟ್ರಮ್ಮ ಕೇಳಿದಳು. ಕುರ್ಚಿಗಳು ಖಾಲಿ ಇದ್ದರೂ ಅವಳು ನಿಂತೇ ಇದ್ದಳು.

"ಪ್ರಶ್ನೋತ್ತರ ಶುರುವಾಗಿ ಎರಡನೇ ಪ್ರಶ್ನೆ ಮುಗೀತಿದ್ದ ಹಾಗೇ."

"ಮೂರನೇದು ನಂದು."

"ಗೊತ್ತಮ್ಮ."

"ಗೊತ್ತಿದ್ರೆ ಅದೊಂದು ಮುಗೀಲಿ, ಆಮೇಲೆ ಏಳೋಣ. ಏರಿಸಿರೋ ಬಸ್ ಚಾರ್ಜು ಅಷ್ಟರಲ್ಲಿ ಓಡಿ ಹೋಗಲ್ಲ."

ಸಚೇತಕ ನಾಯಕರ ಮುಖ ನೋಡಿದ. ನಾಯಕರು ಪತ್ರಿಕೆ ನೋಡಿದರು. ಉಳಿದವರು ಲೋಟದ ತಳ ನೋಡಿದರು. ಅಷ್ಟು ಜನ ಒಟ್ಟಿಗೆ ಬೇರೆ ಬೇರೆ ಕಡೆ ನೋಡಿದರೆ ಅಲ್ಲಿ ಏನೋ ಹೂತಿಟ್ಟಿದ್ದಾರೆ ಎಂದೇ ಅರ್ಥ.

ಶಾಸಕಿಯಾಗಿ ಎರಡನೇ ಅವಧಿ ನಡೆಯುತ್ತಿದ್ದರೂ ಊರಿಗೆಲ್ಲ ಅವಳು ಕಂಡಕ್ಟ್ರಮ್ಮನೇ. ಮದುವೆಗೆ ಮುಂಚೆ ಹತ್ತಿದ ಬಸ್ಸನ್ನು ಗಂಡ ಸತ್ತು ವರ್ಷಗಳಾದ ಮೇಲೂ ಇಳಿದಿರಲಿಲ್ಲ. ಕೆಲಸದಿಂದ ಕಿತ್ತುಹಾಕಿದ ಜೊತೆಗಾರರ ಪರವಾಗಿ ಡಿಪೋ ಗೇಟಿಗೆ ಅಡ್ಡ ನಿಂತಾಗ ಪಕ್ಷದ ಕಣ್ಣಿಗೆ ಬಿದ್ದಳು. ಹೇಗಿದ್ದರೂ ಸೋಲುವ ಕ್ಷೇತ್ರ, ಇವಳಾದರೂ ನಿಲ್ಲಲಿ ಎಂದು ಟಿಕೆಟ್ ಕೊಟ್ಟರು. ಗೆದ್ದುಬಿಟ್ಟಳು. ಅವಳಿಗಿಂತ ಹೆಚ್ಚು ಗಾಬರಿಯಾದದ್ದು ಪಕ್ಷಕ್ಕೆ. ಸದನದಲ್ಲಿ ಅವಳಿಗಿದ್ದ ಕಷ್ಟ ಒಂದೇ: ಕೂತು ಅಭ್ಯಾಸವಿರಲಿಲ್ಲ. ಯಾರು ಮಾತಾಡುತ್ತಿದ್ದರೂ ಅವಳು ಬೆಂಚಿನ ಅಂಚಿಗೆ ಸೊಂಟ ಆನಿಸಿ ನಿಂತಿರುತ್ತಿದ್ದಳು. "ಕೂತ್ಕೊಳ್ಳಿ ತಾಯಿ" ಎನ್ನುವುದನ್ನು ಸಭಾಧ್ಯಕ್ಷರು ಅವಳಿಗೆ ಹೇಳಿದಷ್ಟು ಸಲ ಇನ್ನಾರಿಗೂ ಹೇಳಿರಲಾರರು.

ನಾಯಕರು ಅವಳನ್ನು ಕಿಟಕಿಯ ಬಳಿ ಕರೆದರು. ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದಾಗಲೇ ಹೆಚ್ಚು ಹುಷಾರಾಗಿರಬೇಕು ಎಂಬುದು ಪಕ್ಷದ ಹಳಬರಿಗೆಲ್ಲ ಗೊತ್ತಿತ್ತು.

"ಇವತ್ತು ಮುಂದೆ ನೀವೇ ನಡೀಬೇಕು. ಫಲಕ ನಿಮ್ಮ ಕೈಯಲ್ಲೇ. ಬಸ್ ಚಾರ್ಜಿನ ವಿಷಯಕ್ಕೆ ನಿಮಗಿಂತ ಒಳ್ಳೇ ಮುಖ ನಮ್ಮಲ್ಲಿ ಯಾರದಿದೆ ಹೇಳಿ? ನಾಳೆ ಎಲ್ಲ ಪೇಪರಲ್ಲೂ ನೀವೇ."

ಸುಳ್ಳೇಕೆ ಹೇಳಬೇಕು, ಅವಳಿಗೂ ಒಂದು ಕ್ಷಣ ಮನಸ್ಸು ಜಾರಿತು. ಮುಂದಿನ ಸಾಲು ಎಂದರೇನು ಎಂದು ಈ ಕಟ್ಟಡದಲ್ಲಿ ಅವಳು ನೋಡಿಯೇ ಇರಲಿಲ್ಲ. ಫೋಟೋಗಳಲ್ಲಿ ಅವಳದು ಯಾವಾಗಲೂ ಯಾರದೋ ಭುಜದ ಹಿಂದಿನ ಅರ್ಧ ಕಿವಿ.

"ನನ್ನ ಪ್ರಶ್ನೆ?" ಎಂದಳು.

"ಲಿಖಿತ ಉತ್ತರ ಹೇಗೂ ಕೊಡ್ತಾರಲ್ಲ. ಮನೇಲಿ ಕೂತು ಓದ್ಕೊಳ್ಳಿ."

ಅದೇ ತಾನೇ ತಂತ್ರ. ಪ್ರಶ್ನೆ ಕೇಳಿದ ಶಾಸಕರು ಕರೆದಾಗ ತಮ್ಮ ಜಾಗದಲ್ಲಿ ಇಲ್ಲದಿದ್ದರೆ ಸರ್ಕಾರ ಬರೆದು ತಂದ ಉತ್ತರ ಹಾಗೇ ಕಡತಕ್ಕೆ ಸೇರುತ್ತದೆ, ಮುಗಿಯಿತು. ಜಾಗದಲ್ಲಿದ್ದರೆ ಸಚಿವರು ಎದ್ದು ಬಾಯಲ್ಲಿ ಹೇಳಬೇಕು, ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಹಾಕಬಹುದು. ಆ ಇನ್ನೊಂದು ಪ್ರಶ್ನೆಗಾಗಿ ಕಂಡಕ್ಟ್ರಮ್ಮ ಒಂದು ವರ್ಷದಿಂದ ಕಾದಿದ್ದಳು. ಪ್ರಶ್ನೆಗಳ ಸರದಿ ಚೀಟಿ ಎತ್ತಿ ನಿರ್ಧಾರವಾಗುತ್ತದೆ. ಅವಳದು ಅಧಿವೇಶನದ ಮೇಲೆ ಅಧಿವೇಶನ ಬರಲೇ ಇಲ್ಲ. ಇವತ್ತು ಬಂದಿತ್ತು.

"ಬೆಂಕಿ ಬಿದ್ದ ಕಾರ್ಖಾನೆ ನಿಮ್ಮ ಸೋದರಳಿಯಂದು," ಎಂದಳು.

ಎಲ್ಲರಿಗೂ ಗೊತ್ತಿದ್ದ ಮಾತು. ಅದನ್ನು ಆ ಕೊಠಡಿಯಲ್ಲಿ ಬಾಯಿಬಿಟ್ಟು ಹೇಳಿದವರು ಮಾತ್ರ ಯಾರೂ ಇರಲಿಲ್ಲ. ನಾಯಕರ ತುಟಿಯ ಮೇಲೆ ನಗು ಹಾಗೇ ಇತ್ತು, ಕಣ್ಣಿನಿಂದ ಮಾತ್ರ ಇಳಿದುಹೋಯಿತು.

"ಅದು ಬೇರೆ, ಇದು ಬೇರೆ."

"ಒಲೆ ಬೇರೆ, ಹೊಗೆ ಬೇರೆ ಅಂದ ಹಾಗಾಯ್ತು."

"ನೋಡಿ, ಮುಂದಿನ ಸಲಾನೂ ಟಿಕೆಟ್ ನಿಮಗೇ ಅಂತ ಮಾತಾಗಿದೆ. ಕೆಡಿಸ್ಕೋಬೇಡಿ. ಪಕ್ಷ ಇದ್ರೆ ನೀವು. ಇಲ್ಲಾಂದ್ರೆ ಮತ್ತೆ ಅದೇ ಬಸ್ಸು."

"ಬಸ್ಸೇನು ಬೈಗುಳಾನಾ ಸ್ವಾಮಿ?" ಎಂದು ಅವಳು ಹೊರಟಳು. ಹಿಂದಿನಿಂದ ಸಚೇತಕ ಓಡಿಬಂದು ಅವಳ ಕೈಗೆ ಫಲಕ ತುರುಕಿದ.

ಹೊರಗೆ ಹಜಾರದ ಕಲ್ಲುಬೆಂಚಿನ ತುದಿಯಲ್ಲಿ ಡ್ರೈವರಣ್ಣ ಕೂತಿದ್ದ. ಇಸ್ತ್ರಿ ಮಾಡಿದ ಹಳೆಯ ಅಂಗಿ, ಕುತ್ತಿಗೆಯವರೆಗೆ ಗುಂಡಿ. ಗ್ಯಾಲರಿಗೆ ಬಿಡುವ ಪಾಸನ್ನು ಗಾಳಿಗೆ ಹಾರಿಹೋದೀತೆಂಬಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ಇಬ್ಬರೂ ಒಂದೇ ಬಸ್ಸಿನಲ್ಲಿ ಕೂದಲು ನರೆಸಿಕೊಂಡವರು. ಅವನು ಮುಂದೆ, ಅವಳು ಹಿಂದೆ. ನಡುವೆ ಇಡೀ ಊರು. ಮಾತಾಡಲು ಪುರುಸೊತ್ತಿಲ್ಲ. ಅವಳು ಬಸ್ಸಿನ ಪಕ್ಕೆಗೆ ಅಂಗೈಯಿಂದ ಒಂದು ಏಟು ಹಾಕಿದರೆ ನಿಲ್ಲು, ಎರಡು ಹಾಕಿದರೆ ಹೋಗು. ಗಂಡ ಹೆಂಡಿರಲ್ಲೂ ಅಷ್ಟು ಸಲೀಸಾಗಿ ಮಾತು ಅರ್ಥವಾಗುವುದಿಲ್ಲ.

ಅವನ ಮಗಳನ್ನು ಎಲ್ಲರೂ ಮರಿ ಎನ್ನುತ್ತಿದ್ದರು. ತಾಯಿಯಿಲ್ಲದ ಹುಡುಗಿ. ಶಾಲೆ ಬಿಟ್ಟ ಮೇಲೆ ನೇರ ಬಸ್ಸಿಗೇ ಬರುತ್ತಿದ್ದಳು, ಎಂಜಿನ್ನಿನ ಮುಚ್ಚಳದ ಮೇಲೆ ಕೂತು ಪಾಠ ಬರೆಯುತ್ತಿದ್ದಳು. "ಅತ್ತೆ, ಇದೊಂದು ಸಲ ನಾನು ಹೊಡೀತೀನಿ" ಎಂದು ಕಾಡಿ ಎರಡು ಏಟು ಹಾಕುತ್ತಿದ್ದಳು. ಬಸ್ಸು ಹೊರಟರೆ ತನ್ನಿಂದಲೇ ಹೊರಟಿತೆಂದು ಸುತ್ತ ನೋಡುತ್ತಿದ್ದಳು. ಬೆಳೆದು ಬಟ್ಟೆ ಹೊಲಿಯುವ ಕಾರ್ಖಾನೆ ಸೇರಿದಳು, ಮೇಲ್ವಿಚಾರಕಿಯಾದಳು. ಹೋದ ಬೇಸಿಗೆಯಲ್ಲಿ ಕಾರ್ಖಾನೆಗೆ ಬೆಂಕಿ ಬಿದ್ದಾಗ ಹಿಂಬಾಗಿಲಿನ ಬಳಿ ಸಿಕ್ಕಿಕೊಂಡು ಸತ್ತ ಹೆಂಗಸರಲ್ಲಿ ಅವಳೂ ಒಬ್ಬಳು. ಮುಷ್ಟಿಯಲ್ಲಿ ಬೀಗದಕೈ ಇತ್ತು.

ಅದೇ ಮುಳುವಾಯಿತು. ತನಿಖೆಯವರು ಬರೆದರು: ಬೀಗದಕೈ ಮೇಲ್ವಿಚಾರಕಿಯ ಬಳಿಯೇ ಇತ್ತು, ಗಾಬರಿಯಲ್ಲಿ ಆಕೆ ಬಾಗಿಲು ತೆಗೆಯಲಿಲ್ಲ. ಅಲ್ಲಿಗೆ ಮಾಲೀಕ ಸಾಚಾ, ಸರ್ಕಾರ ಸಾಚಾ, ಸತ್ತವಳು ಕೊಲೆಗಾರ್ತಿ. ಸತ್ತವರ ಮನೆಗಳೆಲ್ಲ ಒಂದೇ ಓಣಿಯಲ್ಲಿ. ಎದುರುಮನೆಯಾಕೆಯ ಮಗಳೂ ಹೋಗಿದ್ದಳು; ಮರಿಗೆ ತಲೆ ಬಾಚಿ ಬೆಳೆಸಿದ ಹೆಂಗಸು ಅವಳು. ಈಗ ಡ್ರೈವರಣ್ಣ ಓಣಿಗೆ ಬಂದರೆ ಸಾಕು, ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು. "ಕೈಯಲ್ಲಿ ಬೀಗದಕೈ ಇಟ್ಕೊಂಡು ನನ್ನ ಮಗಳನ್ನ ಸುಟ್ಟಳಲ್ಲ" ಎಂದು ನಲ್ಲಿಯ ಬಳಿ ಅವನಿಗೆ ಕೇಳುವಂತೆಯೇ ಒಮ್ಮೆ ಹೇಳಿದ್ದಳು. ಅವತ್ತಿನಿಂದ ಅವನು ಓಣಿಯ ನಲ್ಲಿಗೆ ಹೋಗಿರಲಿಲ್ಲ. ಒಳಗೆ ಸೇರಿ ಬಾಗಿಲು ಹಾಕಿಕೊಂಡರೆ ಮುಗಿಯಿತು. ಹಾಕಿಕೊಳ್ಳುವುದೇನು, ಆ ಬಾಗಿಲು ವಾಲಿಕೊಂಡಿತ್ತು. ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತಿತ್ತು.

"ಆಗುತ್ತಾ ಇವತ್ತು?" ಎಂದ ಡ್ರೈವರಣ್ಣ.

"ನನ್ನ ಪಕ್ಷದೋರು ಎದ್ದು ಹೋಗ್ತಾರಂತೆ. ನಾನೇ ಮುಂದೆ ನಡೀಬೇಕಂತೆ." ಫಲಕವನ್ನು ಅವನಿಗೆ ತೋರಿಸಿದಳು.

ಅವನು ಫಲಕ ನೋಡಿದ, ಅವಳನ್ನು ನೋಡಿದ. "ಹೋಗ್ಲೇಬೇಕು ಅಂದ್ರೆ ಹೋಗಮ್ಮ. ನಿನ್ನ ಅನ್ನಕ್ಕೆ ಕಲ್ಲು ಹಾಕ್ಕೋಬೇಡ. ಸತ್ತೋಳು ವಾಪಸ್ ಬರ್ತಾಳಾ?"

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ನಾಯಕರ ಮೇಲೆ ಬಾರದಷ್ಟು ಸಿಟ್ಟು ಈ ಬಡಪಾಯಿಯ ಮೇಲೆ ಬಂತು. "ಬಾಯ್ಮುಚ್ಚು. ಮೇಲೆ ಹೋಗಿ ಮುಂದಿನ ಸಾಲಲ್ಲಿ ಕೂತ್ಕೋ. ಅಲ್ಲಿ ಕೆಮ್ಮಿದ್ರೂ ಹೊರಗೆ ಹಾಕ್ತಾರೆ, ಕಲ್ಲಿನ ಹಾಗೆ ಕೂತಿರು," ಎಂದು ಅವನ ಅಂಗಿಯ ಕಾಲರನ್ನು ಸರಿಮಾಡಿ ಕಳಿಸಿದಳು.

ಸದನ ಸೇರಿತು. ಮೊದಲ ಪ್ರಶ್ನೆ ಯಾವುದೋ ಸೇತುವೆಯದು, ಸೇತುವೆ ಪ್ರಗತಿಯಲ್ಲಿತ್ತು. ಎರಡನೆಯದು ಬೀದಿದೀಪದ್ದು, ಬೀದಿದೀಪ ಪರಿಶೀಲನೆಯಲ್ಲಿತ್ತು. ಎದುರು ಸಾಲಿನಲ್ಲಿ ಕಾರ್ಮಿಕ ಸಚಿವರು ನಿಶ್ಚಿಂತೆಯಿಂದ ಪಕ್ಕದವರ ಜೊತೆ ಹರಟುತ್ತಿದ್ದರು. ಒಳ್ಳೆಯ ಮನುಷ್ಯ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಅಧಿಕಾರಿಗಳು ಬರೆದುಕೊಟ್ಟದ್ದನ್ನು ಮಾತ್ರ ಮುಂಚೆ ಓದಿಕೊಂಡು ಬರುವ ಅಭ್ಯಾಸವಿಲ್ಲ. ಒಮ್ಮೆ ಕಟ್ಟಡ ಉದ್ಘಾಟನೆಯಲ್ಲಿ "ಇಲ್ಲಿ ಚಪ್ಪಾಳೆಗೆ ಕಾಯುವುದು" ಎಂಬುದನ್ನೂ ಗಟ್ಟಿಯಾಗಿ ಓದಿ, ಅದಕ್ಕೇ ಚಪ್ಪಾಳೆ ಗಿಟ್ಟಿಸಿದ್ದರು.

ನಾಯಕರು ಕನ್ನಡಕ ತೆಗೆದರು. ಮೇಜಿನ ಮೇಲೆ ಇಟ್ಟರು.

ವಿರೋಧ ಪಕ್ಷದ ಸಾಲುಗಳು ಒಮ್ಮೆಗೇ ಎದ್ದವು. ಘೋಷಣೆ, ಫಲಕ, ಮೇಜು ಬಡಿತ. "ಬಡವರ ಬಸ್ಸು ಉಳಿಸಿ!" ಬಡವರ ಬಸ್ಸನ್ನು ಜನ್ಮದಲ್ಲಿ ಹತ್ತದವರ ದನಿಯೇ ಎಲ್ಲರಿಗಿಂತ ಜೋರಾಗಿತ್ತು. ಮುಂದೆ ಜಾಗ ಬಿಟ್ಟುಕೊಂಡು ಎಲ್ಲರೂ ಹಿಂದಿನ ಸಾಲಿನತ್ತ ತಿರುಗಿದರು, ಕಂಡಕ್ಟ್ರಮ್ಮ ಬರಲೆಂದು.

ಅವಳು ಕೂತಿದ್ದಳು.

ಕೂತಿದ್ದಳೆಂದರೆ ಸುಮ್ಮನೆ ಅಲ್ಲ. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ತಿರುವಿನಲ್ಲಿ ಬೀಳಬಾರದೆಂದು ಸೀಟು ಹಿಡಿಯುವ ಮುದುಕಿಯ ಹಾಗೆ ಕೂತಿದ್ದಳು. ಸಚೇತಕ ಬಗ್ಗಿ ಅವಳ ಮೊಣಕೈ ಎಳೆದ. "ಏಳಮ್ಮ. ಏಳಿ ಅಂದ್ರೆ. ಏನಾಗಿದೆ ನಿಮಗೆ? ದಿನಾ ಕೂತ್ಕೊಳ್ಳಿ ಅಂದ್ರೆ ನಿಂತಿರ್ತೀರಿ, ಇವತ್ತು ಏಳಿ ಅಂದ್ರೆ ಕೂತಿದೀರಿ!"

"ಕಾಲು ನೋವು," ಎಂದಳು.

"ಪಕ್ಷದ ಆದೇಶ ಇದು."

"ಪಕ್ಷಕ್ಕೆ ಹೇಳಿ, ಕಾಲು ನಂದು ಅಂತ."

ನಾಯಕರು ದೂರದಿಂದ ಒಮ್ಮೆ ನೋಡಿದರು. ಆ ನೋಟದಲ್ಲಿ ಅವಳ ಮುಂದಿನ ಟಿಕೆಟ್ ಹರಿದುಹೋದದ್ದು ಅವಳಿಗೆ ಚೆನ್ನಾಗಿಯೇ ಕಂಡಿತು. ಬೆಂಚಿನ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅವರೆಲ್ಲ ಘೋಷಣೆ ಕೂಗುತ್ತ ದೊಡ್ಡ ಬಾಗಿಲಿನಿಂದ ಹೊರಗೆ ಹೋದರು. ಅಷ್ಟು ಉದ್ದದ ಸಾಲುಗಳಲ್ಲಿ ಉಳಿದದ್ದು ಯಾರೋ ಮರೆತುಹೋದ ಒಂದು ಪೆನ್ನು, ಮೇಜಿನ ಮೇಲಿನ ಒಂದು ಕನ್ನಡಕ, ಕೆಲವು ನೀರಿನ ಲೋಟ, ಕಂಡಕ್ಟ್ರಮ್ಮ.

ಸಭಾಧ್ಯಕ್ಷರು ಇದನ್ನೆಲ್ಲ ಎಷ್ಟು ಸಲ ನೋಡಿದ್ದರೋ. ತಲೆ ಎತ್ತದೆಯೇ, "ಮೂರನೇ ಪ್ರಶ್ನೆ. ಸದಸ್ಯರು ಇಲ್ಲ. ನಾಲ್ಕನೇ..." ಎಂದರು.

"ಇದೀನಿ ಸ್ವಾಮಿ."

ಅವಳು ಎದ್ದು ನಿಂತಿದ್ದಳು. ಆಳುವ ಪಕ್ಷದ ಸಾಲುಗಳಲ್ಲಿ ನಗು ಹೊರಟಿತು. "ಎಲ್ರೂ ಇಳಿದ್ರು ಕಂಡಕ್ಟ್ರಮ್ಮ, ಬಸ್ ಡಿಪೋಗೆ ಹೋಗುತ್ತೆ!" ಎಂದು ಒಬ್ಬ ಕೂಗಿದ. ಕಾರ್ಮಿಕ ಸಚಿವರು ಮಾತ್ರ ನಗಲಿಲ್ಲ. ಇವತ್ತು ಮೂರನೇ ಪ್ರಶ್ನೆ ಬರುವುದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರು. ಕಡತ ಎಲ್ಲಿ ಎಂದು ಮೇಜಿನ ಕೆಳಗೆಲ್ಲ ತಡಕಾಡಿದರು. ಸಿಕ್ಕಿತು. ಎದ್ದರು, ಓದಿದರು.

"ಹಿಂಬಾಗಿಲಿನ ಬೀಗದಕೈ ಆ ವಿಭಾಗದ ಮೇಲ್ವಿಚಾರಕಿಯ ವಶದಲ್ಲಿಯೇ ಇದ್ದು, ಬೆಂಕಿಯ ಸಂದರ್ಭದಲ್ಲಿ ಸದರಿ ಮೇಲ್ವಿಚಾರಕಿಯು ಗಾಬರಿಗೊಂಡು ಬಾಗಿಲನ್ನು ತೆರೆಯದೇ ಇದ್ದ ಕಾರಣ ಪ್ರಾಣಹಾನಿ ಸಂಭವಿಸಿರುತ್ತದೆ. ಇದರಲ್ಲಿ ಆಡಳಿತ ಮಂಡಳಿಯ ಲೋಪ ಕಂಡುಬಂದಿರುವುದಿಲ್ಲ."

ಸದರಿ ಮೇಲ್ವಿಚಾರಕಿ. ಎಂಜಿನ್ನಿನ ಮುಚ್ಚಳದ ಮೇಲೆ ಕಾಲು ಕುಣಿಸುತ್ತ ಕೂರುತ್ತಿದ್ದ ಹುಡುಗಿ. ಮೇಲೆ ಗ್ಯಾಲರಿಯಲ್ಲಿ ಅವಳಪ್ಪ ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಕಂಡಕ್ಟ್ರಮ್ಮನಿಗೆ ನೆನಪಾಯಿತು. ವರ್ಷದಿಂದ ಸ್ನಾನ ಮಾಡುವಾಗ, ಪಾತ್ರೆ ತೊಳೆಯುವಾಗ ಹೇಳಿ ಹೇಳಿ ಬಾಯಿಪಾಠವಾಗಿದ್ದ ಪ್ರಶ್ನೆ ಬಾಯಿಗೆ ಬರಲಿಲ್ಲ. ಇಡೀ ಬಸ್ ನಿಲ್ದಾಣಕ್ಕೆ ಕೇಳುವಂತೆ ಕೂಗುತ್ತಿದ್ದ ಬಾಯಿ ಅದು.

"ಉಪಪ್ರಶ್ನೆ ಇದ್ರೆ ಕೇಳಿ," ಎಂದರು ಸಭಾಧ್ಯಕ್ಷರು. ಅವಳ ತುಟಿ ಅಲ್ಲಾಡಿತು, ಅಷ್ಟೇ. "ಇಲ್ಲಾಂದ್ರೆ ಕೂತ್ಕೊಳ್ಳಿ ತಾಯಿ. ನಾಲ್ಕನೇ ಪ್ರಶ್ನೆ."

ಅವಳ ಎದುರಿನ ಮೈಕಿನ ಕೆಂಪು ದೀಪ ಆರಿತು.

ಆಗ ಮೇಲಿನಿಂದ ಸದ್ದು ಬಂತು. ಗ್ಯಾಲರಿಯ ಮರದ ಕಟಕಟೆಗೆ ಅಂಗೈಯಿಂದ ಹೊಡೆದ ಸದ್ದು. ಒಂದು. ಅದರ ಬೆನ್ನಿಗೇ ಇನ್ನೊಂದು.

ಸದನವೆಲ್ಲ ತಲೆ ಎತ್ತಿತು. ಅವಳೊಬ್ಬಳೇ ಎತ್ತಲಿಲ್ಲ, ನೋಡಿ ತಿಳಿಯಬೇಕಾದದ್ದು ಅವಳಿಗೇನೂ ಇರಲಿಲ್ಲ. ಅಷ್ಟು ವರ್ಷ ಏಟು ಹಾಕಿದವಳು ಅವಳು, ಹೊರಟವನು ಅವನು. ಮೇಲೆ ಕಾವಲಿನವರು ಓಡಿದ್ದು, ಬೂಟಿನ ಸದ್ದು, "ಬಿಡ್ರೀ, ನಾನೇ ಬರ್ತೀನಿ" ಎಂಬ ಪರಿಚಿತ ದನಿ, ಬಾಗಿಲು ಬಡಿದುಕೊಂಡದ್ದು ಕೇಳಿಸಿತು.

"ಸಭಾಧ್ಯಕ್ಷರೇ!" ಎಂದಳು ಕಂಡಕ್ಟ್ರಮ್ಮ.

ಮೈಕು ಯಾರಿಗೆ ಬೇಕಿತ್ತು? ಸಂತೆಯ ದಿನದ ಬಸ್ಸಿನಲ್ಲಿ ಹಿಂದಿನ ಮೆಟ್ಟಿಲಿನಿಂದ ಮುಂದಿನ ಸೀಟಿಗೆ ಮುಟ್ಟಿದ ದನಿ ಅದು. ಪತ್ರಕರ್ತರ ಸಾಲಿನಲ್ಲಿ ತೂಕಡಿಸುತ್ತಿದ್ದವನೊಬ್ಬ ಬೆಚ್ಚಿ ಎದ್ದ. "ಉಪಪ್ರಶ್ನೆ ಇದೆ. ಒಂದೇ ಒಂದು. ಬೀಗದಕೈ ಹುಡುಗಿ ಹತ್ರ ಇತ್ತು ಅಂದ್ರಿ, ಒಪ್ಪಿದೆ. ಬೀಗ ಎಲ್ಲಿತ್ತು? ಬಾಗಿಲಿನ ಒಳಗಡೆಯೋ, ಹೊರಗಡೆಯೋ?"

ಅಷ್ಟು ಸಣ್ಣ ಪ್ರಶ್ನೆಯನ್ನು ಅಲ್ಲಿ ಯಾರಿಗೂ ಕೇಳಿ ಅಭ್ಯಾಸವಿರಲಿಲ್ಲ. ಸಭಾಧ್ಯಕ್ಷರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಪ್ರಶ್ನೆ ಸರಿಯಾಗಿದೆ. ಸಚಿವರು ಉತ್ತರಿಸಬಹುದು."

ಸಚಿವರು ಕಡತ ಮಗುಚಿದರು. ಮೂಲೆಯ ಆಸನದಲ್ಲಿ ಕೂತಿದ್ದ ಇಲಾಖೆಯ ಅಧಿಕಾರಿ ಅರ್ಧ ಎದ್ದು, ಬೇಡ ಬೇಡ ಎಂದು ಎದೆಯ ಮಟ್ಟದಲ್ಲಿ ಕೈ ಆಡಿಸಿದ. ಚೀಟಿ ಗೀಚಿ ಜವಾನನ ಕೈಗೆ ಕೊಟ್ಟ. ಜವಾನ ಸದನದ ಶಿಸ್ತಿನಂತೆ ಬಗ್ಗಿ ಬಗ್ಗಿ, ನಿಧಾನವಾಗಿ ಬಂದ. ಅವನು ಬರುವಷ್ಟರಲ್ಲಿ ಸಚಿವರಿಗೆ ಹಾಳೆ ಸಿಕ್ಕಿತ್ತು. ಕೇಳಬಹುದಾದ ಉಪಪ್ರಶ್ನೆಗಳಿಗೆಲ್ಲ ಅಧಿಕಾರಿಗಳು ಉತ್ತರ ಬರೆದಿಟ್ಟಿರುತ್ತಾರೆ. ಈ ಪ್ರಶ್ನೆಗೂ ಇತ್ತು. ಪರೀಕ್ಷೆಯಲ್ಲಿ ಓದಿದ ಪ್ರಶ್ನೆಯೇ ಬಂದ ಹುಡುಗನ ಹಾಗೆ ಸಚಿವರ ಮುಖ ಅರಳಿತು.

"ಬೀಗ ಬಾಗಿಲಿನ ಹೊರಬದಿಗೆ ಇತ್ತು," ಎಂದು ಸ್ಪಷ್ಟವಾಗಿ, ಗಟ್ಟಿಯಾಗಿ ಓದಿದರು. "ಬೆಳಿಗ್ಗೆ ಮೇಲ್ವಿಚಾರಕಿಯು ಬೀಗ ತೆರೆದು ಕಾರ್ಮಿಕರು ಒಳಗೆ ಹೋದ ನಂತರ, ಕಾವಲುಗಾರನು ಹೊರಗಿನಿಂದ ಅದೇ ಬೀಗವನ್ನು ಒತ್ತಿ ಹಾಕುವುದು ಆಡಳಿತ ಮಂಡಳಿಯ ಸೂಚನೆಯಾಗಿತ್ತು. ಇದನ್ನು ಕೇಳಿದರೆ ಮಾತ್ರ ಹೇಳುವುದು."

ಕೊನೆಯ ಸಾಲನ್ನೂ ಓದಿ ಮುಗಿಸಿ, ಹಾಳೆ ಮಡಿಸಿ, ಕೂತರು. ಕೂತ ಮೇಲೆ ಜವಾನನ ಚೀಟಿ ಅವರ ಕೈ ಸೇರಿತು.

"ಕೇಳಿದೀನಿ ಸ್ವಾಮಿ," ಎಂದಳು ಕಂಡಕ್ಟ್ರಮ್ಮ. ಅವಳ ದನಿ ಈಗ ಚಿಕ್ಕದಾಗಿತ್ತು, ಆದರೂ ಮೂಲೆ ಮೂಲೆಗೂ ಕೇಳಿಸಿತು. "ಬೀಗ ಹೊರಗೆ. ಬೀಗದಕೈ ಹಿಡ್ಕೊಂಡೋಳು ಒಳಗೆ. ಆ ಮಗು ಗಾಬರಿ ಬಿದ್ದು ಬಾಗಿಲು ತೆಗೀಲಿಲ್ಲ ಅಂತ ಬರೆದ್ರಲ್ಲ, ನಿಮ್ಮ ಮನೆ ಹೆಣ್ಣುಮಕ್ಕಳಾಗಿದ್ರೆ ಹೀಗೇ ಬರೀತಿದ್ರಾ? ಬರೆದ ಕೈ ಯಾವುದು ಹೇಳಿ. ಬೀಗ ಒತ್ತು ಅಂದ ಬಾಯಿ ಯಾವುದು ಹೇಳಿ."

ಆಮೇಲೆ ಗದ್ದಲ. ಆಳುವ ಸಾಲುಗಳೆಲ್ಲ ಎದ್ದವು. "ಕಡತದಿಂದ ತೆಗೆಸಿ! ಸಚಿವರು ಬಾಯ್ತಪ್ಪಿ ಓದಿದ್ದು!" ಸಭಾಧ್ಯಕ್ಷರು ಗಂಟೆ ಬಾರಿಸಿ ಬಾರಿಸಿ ಸಾಕಾಗಿ, ಕೊನೆಗೆ ಎದ್ದು ನಿಂತರು. "ಬೈಗುಳವನ್ನ ತೆಗೆಸಬಹುದು. ಸುಳ್ಳನ್ನ ತಿದ್ದಿಸಬಹುದು. ಸಚಿವರೇ ಎದ್ದು ಕೊಟ್ಟ ಉತ್ತರಾನ ಏನಂತ ತೆಗೆಸಲಿ? ಅದು ಕಡತದಲ್ಲಿ ಇರುತ್ತೆ," ಎಂದರು. ಮತ್ತೆ ಅವಳ ಕಡೆ ತಿರುಗಿ, ಹಳೆಯ ಅಭ್ಯಾಸದಂತೆ, "ಕೂತ್ಕೊಳ್ಳಿ ತಾಯಿ," ಎಂದರು.

ಅವಳು ಕೂರಲಿಲ್ಲ. ಪಕ್ಕದಲ್ಲಿದ್ದ ಫಲಕ ಎತ್ತಿಕೊಂಡು ದೊಡ್ಡ ಬಾಗಿಲಿನತ್ತ ನಡೆದಳು.

ಹಜಾರದಲ್ಲಿ ಅವಳ ಪಕ್ಷದವರು ಫಲಕ ಹಿಡಿದು ನೆಲದ ಮೇಲೆ ಕೂತಿದ್ದರು. ಕ್ಯಾಮೆರಾದವರು ಅವರನ್ನು ದಾಟಿ ಒಳಗಿನ ಮೆಟ್ಟಿಲ ಕಡೆ ಓಡುತ್ತಿದ್ದರು. ನಾಯಕರು ಅವಳನ್ನು ನೋಡಲಿಲ್ಲ. ಸಚೇತಕ ಮಾತ್ರ ಎದ್ದು ಬಂದ. ಅವನ ಮುಖ ಬಿಳುಚಿತ್ತು.

"ಅಮಾನತು ಮಾಡಿದಾರೆ ಕಣಮ್ಮ. ಪಕ್ಷದ ಕಾರೂ ವಾಪಸ್ ಕಳಿಸಿದಾರೆ. ನಾನು ಎಷ್ಟು ಹೇಳ್ದೆ..."

"ನೀನು ಹೇಳೋನೇ ಬಿಡಪ್ಪ. ಹೇಳೋದು ನಿನ್ನ ಕೆಲಸ." ಫಲಕವನ್ನು ಅವನ ಕೈಗೆ ವಾಪಸ್ ಕೊಟ್ಟಳು. "ನಾಯಕರಿಗೆ ಕನ್ನಡಕ ತಂದು ಕೊಟ್ಬಿಡು. ಮೇಜಿನ ಮೇಲೇ ಮರೆತು ಬಂದಿದಾರೆ."

ಡ್ರೈವರಣ್ಣನನ್ನು ಗೇಟಿನಿಂದಾಚೆ ಬಿಟ್ಟಿದ್ದರು. ಪಾದಚಾರಿ ದಾರಿಯ ಅಂಚಿನಲ್ಲಿ ನಿಂತಿದ್ದ. ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿತ್ತು, ಒಂದು ಕೈಯಿಂದ ಕಾಲರನ್ನು ಹಿಡಿದುಕೊಂಡಿದ್ದ. ಅವಳು ಬರುವುದನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದ, ನಿಂತ. ಅವನಿಗೆ ಉಪಪ್ರಶ್ನೆಯೂ ಕೇಳಿಸಿರಲಿಲ್ಲ, ಅದರ ಉತ್ತರವೂ ಕೇಳಿಸಿರಲಿಲ್ಲ.

"ಏನಂದ?"

"ಹೊರಗಡೆ," ಎಂದಳು. "ಬೀಗ ಹೊರಗಡೆ ಇತ್ತು ಅಣ್ಣ. ಅವನ ಬಾಯಲ್ಲೇ ಅಂದ. ಎಲ್ರೂ ಕೇಳಿದ್ರು."

ಅವನು ಬಲಗೈಯನ್ನು ಮುಷ್ಟಿ ಹಿಡಿದು, ಎದುರಿನ ಗಾಳಿಯಲ್ಲಿ ಬೀಗದಕೈ ತಿರುಗಿಸುವಂತೆ ಒಮ್ಮೆ ತಿರುಗಿಸಿದ. ಮತ್ತೊಮ್ಮೆ ತಿರುಗಿಸಿದ. "ಹಂಗಾದ್ರೆ ಅವಳು ಹುಡುಕಿದಾಳೆ," ಎಂದ. "ಕತ್ತಲಲ್ಲಿ, ಹೊಗೇಲಿ, ಬಾಗಿಲ ಮೇಲೆಲ್ಲ ಕೈಯಾಡಿಸಿ, ಹೊರಗಿನ ಬೀಗಕ್ಕೆ ಕೈ ಹೋಗೋ ಸಂದು ಹುಡುಕಿದಾಳೆ. ಓಡಿ ಹೋಗಿಲ್ಲ. ಕೊನೇವರೆಗೂ ಹುಡುಕಿದಾಳೆ." ಆಮೇಲೆ ಅಳು ಬಂತು. ವರ್ಷದಿಂದ ಬಾರದ ಅಳು, ರಸ್ತೆಯಲ್ಲಿ, ಹಾಡುಹಗಲು. ಹೋಗುವವರು ನಿಂತು ನೋಡಿದರು. ಕಂಡಕ್ಟ್ರಮ್ಮ ಅವರತ್ತ ತಿರುಗಿ, "ಮುಂದೆ ಹೋಗಿ, ಮುಂದೆ ಹೋಗಿ, ನಿಲ್ಬೇಡಿ," ಎಂದಳು. ಹೇಳುವಾಗ ಅವಳ ಕೆನ್ನೆಯೂ ಒದ್ದೆಯಾಗಿತ್ತು.

ಊರಿಗೆ ಬಸ್ಸಿನಲ್ಲೇ ಹೋದರು. ಓಣಿ ತಲುಪಿದಾಗ ಸಂಜೆಯ ಬಿಸಿಲು ಗೋಡೆಗಳ ಮೇಲಿನ ಅರ್ಧದಲ್ಲಿ ಮಾತ್ರ ಉಳಿದಿತ್ತು. ಸದನದ ಕಲಾಪವನ್ನು ಟೀವಿಯಲ್ಲಿ ತೋರಿಸಿದ್ದರು. ಸಚಿವರು ಓದಿದ್ದನ್ನು ಮತ್ತೆ ಮತ್ತೆ ತೋರಿಸುತ್ತಲೇ ಇದ್ದರು. ಮನೆ ಮನೆಯಿಂದಲೂ ಅದೇ ದನಿ ಬರುತ್ತಿತ್ತು: ಹೊರಬದಿಗೆ ಇತ್ತು, ಹೊರಬದಿಗೆ ಇತ್ತು. ನಲ್ಲಿಯ ಬಳಿ ಇದ್ದ ಹೆಂಗಸರು ಕೊಡ ಕೆಳಗಿಟ್ಟು ದಾರಿ ಬಿಟ್ಟರು. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಎದುರುಮನೆಯ ಕಿಟಕಿ ತೆರೆದಿತ್ತು. ಎದುರುಮನೆಯಾಕೆ ಕಂಬಿ ಹಿಡಿದು ನಿಂತಿದ್ದಳು. ಡ್ರೈವರಣ್ಣ ಅಭ್ಯಾಸದಂತೆ ತಲೆ ತಗ್ಗಿಸಿ ತನ್ನ ಮನೆಯ ಬೀಗ ತೆಗೆದ, ಒಳಗೆ ಕಾಲಿಟ್ಟ.

"ಅಣ್ಣ," ಎಂದು ಹಿಂದಿನಿಂದ ಕರೆ ಬಂತು. "ಬಾಗಿಲು ಹಾಕ್ಬೇಡಿ. ಬರ್ತಿದೀನಿ."

ಅವನು ಕೈ ಬಿಟ್ಟೊಡನೆ ಬಾಗಿಲು ಎಂದಿನಂತೆ ತಾನೇ ಮುಂದೆ ಬಂತು. ಅವನು ಅದನ್ನು ಅಂಗೈಯಿಂದ ತಡೆದ. ಒಳಗಿನಿಂದ ಮರದ ಕುರ್ಚಿಯನ್ನು ನೆಲದ ಮೇಲೆ ಎಳೆದು ತಂದು, ಬಾಗಿಲಿಗೆ ಒತ್ತಾಗಿ ಇಟ್ಟ. ಬಾಗಿಲು ಅಲ್ಲಾಡುತ್ತದೆಯೇ ಎಂದು ಒಮ್ಮೆ ನೂಕಿ ನೋಡಿದ. ಅಲ್ಲಾಡಲಿಲ್ಲ. ಕಂಡಕ್ಟ್ರಮ್ಮ ಆ ಕುರ್ಚಿಯ ಮೇಲೆ ಕೂತಳು.